ಸಗ್ರಾದಾ ಫಮಿಲಿಯಾನ ಕೊನೆಗೆ ನೋಡಿ

ಬಾರ್ಸಿಲೋನಾ ಅಂದ ಕೂಡಲೇ ನಮ್ಮ ಹಾಸ್ಟೆಲ್‌ನಲ್ಲಿ ಎರಡೇ ಹೆಸರು ಬರುತ್ತೆ. ಒಂದು ಮೆಸ್ಸಿ, ಇನ್ನೊಂದು ಸಗ್ರಾದಾ ಫಮಿಲಿಯಾ. ಮೆಸ್ಸಿ ಆ ಊರು ಬಿಟ್ಟು ವರ್ಷಗಳಾದವು. ಚರ್ಚ್ ಎಲ್ಲಿಗೂ ಹೋಗಿಲ್ಲ, ಕಟ್ಟೋದೇ ಇನ್ನೂ ಮುಗಿದಿಲ್ಲ. ಈಗ ಎಂ.ಎಸ್. ಅಂತಲೋ ಇಂಟರ್ನ್‌ಶಿಪ್ ಅಂತಲೋ ನಮ್ಮ ಸೀನಿಯರ್‌ಗಳು ಯುರೋಪಿನ ಮೂಲೆ ಮೂಲೆಯಲ್ಲಿದ್ದಾರೆ. ವಾರಾಂತ್ಯಕ್ಕೆ ಅಗ್ಗದ ಟಿಕೆಟ್ ಸಿಕ್ಕರೆ ಬಾರ್ಸಿಲೋನಾಕ್ಕೆ ಹಾರ್ತಾರೆ, ಗೌಡಿಯ ಗೋಪುರಗಳ ಮುಂದೆ ನಿಂತು ಒಂದು ಫೋಟೋ, ಅದಕ್ಕೊಂದು ಕ್ಯಾಪ್ಷನ್, ಅಲ್ಲಿಗೆ ಊರು ನೋಡಿ ಆಯ್ತು. (ಗೌಡಿ ಅಂದ್ರೆ ಆಂಟೊನಿ ಗೌಡಿ, ಆ ಚರ್ಚಿನ ಆರ್ಕಿಟೆಕ್ಟ್. ನಮ್ಮ ಗೌಡ್ರಿಗೂ ಅವರಿಗೂ ಏನೂ ಸಂಬಂಧ ಇಲ್ಲ. ಪ್ರತಿ ಸಲ ಯಾರಾದ್ರೂ ಕೇಳ್ತಾರೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.)

ನನ್ನ ವಾದ ಇಷ್ಟೇ. ಎಂಜಿನಿಯರಿಂಗ್ ಓದಿದವರು ಆ ಊರಿಗೆ ಹೋದರೆ ಸಗ್ರಾದಾ ಫಮಿಲಿಯಾನ ಕೊನೆಗಿಟ್ಟುಕೊಳ್ಳಬೇಕು. ಅದಕ್ಕಿಂತ ಮುಂಚೆ ಹಳೇ ಊರಿನ ಮೂರು ಚರ್ಚುಗಳನ್ನ ಕಾಲ್ನಡಿಗೆಯಲ್ಲಿ ನೋಡಬೇಕು. ಮೂರೂ ಒಂದಕ್ಕೊಂದು ಹತ್ತಿರದಲ್ಲೇ ಇವೆ, ಅರ್ಧ ದಿನ ಸಾಕು. ಸುಮ್ಮನೆ ಪಟ್ಟಿ ಉದ್ದ ಮಾಡೋಕೆ ಹೇಳ್ತಿಲ್ಲ. ಆ ಮೂರನ್ನ ನೋಡದೆ ನಾಲ್ಕನೆಯದನ್ನ ನೋಡಿದರೆ 'ವಾವ್' ಅನ್ನೋದು ಬಿಟ್ಟು ಬೇರೇನೂ ಬಾಯಿಗೆ ಬರಲ್ಲ. ಆ ನಾಲ್ಕನೆಯದರ ಬಗ್ಗೆ ಈಗ ಅಲ್ಲಿ ಒಂದು ದೊಡ್ಡ ಜಗಳ ನಡೀತಿದೆ. ಅದರಲ್ಲಿ ನಮ್ಮಂಥವರಿಗೆ ಒಂದು ಅಭಿಪ್ರಾಯ ಇರಲೇಬೇಕು ಅನ್ನೋದು ನನ್ನ ಲೆಕ್ಕ.

ಮೊದಲನೆಯದು ಸಾಂತಾ ಮರಿಯಾ ದೆಲ್ ಮಾರ್. ಸಮುದ್ರದ ಮೇರಿಮಾತೆಯ ಚರ್ಚ್ ಅಂತ ಅರ್ಥ. ರಿಬೇರಾ ಅನ್ನೋ ಬಡಾವಣೆಯಲ್ಲಿದೆ. ಒಂದು ಕಾಲಕ್ಕೆ ಹಡಗಿನವರು, ವ್ಯಾಪಾರಿಗಳು, ಹಮಾಲರು ಇದ್ದ ಜಾಗ ಅದು. 1329ರಲ್ಲಿ ಅಡಿಗಲ್ಲು ಹಾಕಿ 1383ಕ್ಕೆ ಕೆಲಸ ಮುಗಿಸಿದರು. ಐವತ್ತನಾಲ್ಕು ವರ್ಷ. ನಮ್ಮ ಹಾಸ್ಟೆಲ್ ಹಿಂದಿನ ಚರಂಡಿ ಕೆಲಸ ನೋಡಿದವರಿಗೆ ಇದು ಮಾಮೂಲು ಅನ್ನಿಸಬಹುದು, ಆದರೆ ಆ ಕಾಲದ ದೊಡ್ಡ ಚರ್ಚುಗಳಿಗೆ ನೂರು ಇನ್ನೂರು ವರ್ಷ ಹಿಡಿಯೋದು ಸಾಮಾನ್ಯವಾಗಿತ್ತು. ಬೇಗ ಮುಗಿದದ್ದರಿಂದಲೇ ಕಟ್ಟಡದ ಉದ್ದಗಲಕ್ಕೂ ಒಂದೇ ಶೈಲಿ ಇದೆ. ಅರ್ಧ ಒಂದು ಕಾಲದ್ದು, ಅರ್ಧ ಇನ್ನೊಂದು ಕಾಲದ್ದು ಅನ್ನೋ ಗೊಂದಲ ಇಲ್ಲ.

ಇದನ್ನ ಕಟ್ಟಿದ್ದು ರಾಜನ ಖಜಾನೆಯ ದುಡ್ಡಲ್ಲ. ಆ ಬಡಾವಣೆಯ ಜನ ದುಡ್ಡು ಹಾಕಿದರು, ದುಡ್ಡಿಲ್ಲದವರು ಮೈ ಹಾಕಿದರು. ಊರಿನ ಪಕ್ಕದ ಮೋಂಜುಯಿಕ್ ಗುಡ್ಡದ ಕಲ್ಲುಗಣಿಯಿಂದ ಬಂದ ಕಲ್ಲನ್ನ ಬಂದರಿನ ಹಮಾಲರು ಬೆನ್ನ ಮೇಲೆ ಹೊತ್ತು ತಂದರು. ಅವರಿಗೆ ಕತಲಾನ್ ಭಾಷೆಯಲ್ಲಿ ಬಸ್ತಾಯ್ಶ್ ಅಂತ ಹೆಸರು. ಚರ್ಚಿನ ಮುಖ್ಯ ಬಾಗಿಲಿನ ಮೇಲೆ ಬೆನ್ನಿಗೆ ಹೊರೆ ಹೊತ್ತ ಎರಡು ಪುಟ್ಟ ಕಂಚಿನ ಆಕೃತಿಗಳಿವೆ, ಅವು ಇವರದ್ದೇ. ಸಂತರು, ಬಿಷಪ್ಪರು, ದಾನ ಕೊಟ್ಟ ಶ್ರೀಮಂತರು ಚರ್ಚಿನ ಬಾಗಿಲಲ್ಲಿ ಇರೋದು ಎಲ್ಲ ಕಡೆ ಇದ್ದಿದ್ದೇ. ಮೂಟೆ ಹೊರುವವರು ಮುಂಬಾಗಿಲಲ್ಲಿ ಇರೋದು ಅಪರೂಪ. ಒಳಗೆ ಹೋಗೋ ಮುಂಚೆ ಒಂದು ನಿಮಿಷ ಅಲ್ಲಿ ನಿಲ್ಲಿ. ಹೆಚ್ಚಿನವರು ತಲೆ ಎತ್ತಿ ಗುಲಾಬಿ ಕಿಟಕಿ ನೋಡುವ ಭರದಲ್ಲಿ ಕಣ್ಣಳತೆಯಲ್ಲೇ ಇರುವ ಇವರನ್ನ ಗಮನಿಸೋದೇ ಇಲ್ಲ.

ಹೊರಗಿಂದ ಈ ಚರ್ಚ್ ಅಷ್ಟೇನೂ ಚೆಂದ ಇಲ್ಲ, ಹೇಳಬೇಕು. ದೊಡ್ಡ ಕಲ್ಲಿನ ಪೆಟ್ಟಿಗೆ ಥರ ಕಾಣುತ್ತೆ, ಗೋಡೆ ಬೋಳು ಬೋಳು. ಒಳಗೆ ಕಾಲಿಟ್ಟ ಕೂಡಲೇ ಕಥೆ ಬೇರೆ. ಸಪೂರವಾದ ಎಂಟು ಮೂಲೆಯ ಕಂಬಗಳು ನೆಟ್ಟಗೆ ಮೇಲೆ ಹೋಗಿ, ತುದಿಯಲ್ಲಿ ಕಮಾನಿನ ಪಕ್ಕೆಲುಬುಗಳಾಗಿ ಬಿಚ್ಚಿಕೊಳ್ಳುತ್ತವೆ. ಅಂಕಣದಿಂದ ಅಂಕಣಕ್ಕೆ ಸುಮಾರು 13 ಮೀಟರ್ ಅಂತರ. ಗಾಥಿಕ್ ಚರ್ಚುಗಳ ಲೆಕ್ಕದಲ್ಲಿ ಇದು ಬಹಳ ಜಾಸ್ತಿ. ಕಂಬ ಕಡಿಮೆ, ಜಾಗ ಹೆಚ್ಚು, ಆದ್ದರಿಂದ ಎಲ್ಲಿ ನಿಂತರೂ ಇಡೀ ಕಟ್ಟಡ ಒಂದೇ ನೋಟಕ್ಕೆ ಸಿಗುತ್ತೆ.

ಇಲ್ಲಿ ಸ್ವಲ್ಪ ಕ್ಲಾಸ್ ತಗೊಳ್ತೀನಿ, ಕ್ಷಮಿಸಿ. ಕಂಪ್ಯೂಟರ್ ಸೈನ್ಸ್‌ನವರು ಬೇಕಾದ್ರೆ ಒಂದು ಪ್ಯಾರಾ ಹಾರಿಸಿ. ಕಲ್ಲಿನ ಕಮಾನು ತನ್ನ ಭಾರವನ್ನ ಬರೀ ಕೆಳಗೆ ತಳ್ಳಲ್ಲ, ಪಕ್ಕಕ್ಕೂ ತಳ್ಳುತ್ತೆ. ಆ ಪಕ್ಕದ ತಳ್ಳುವಿಕೆಯನ್ನ ಯಾರಾದರೂ ತಡೀಬೇಕು, ಇಲ್ಲದಿದ್ದರೆ ಗೋಡೆ ಹೊರಕ್ಕೆ ವಾಲಿ ಛಾವಣಿ ಒಳಗೆ ಬೀಳುತ್ತೆ. ಫ್ರಾನ್ಸಿನವರು ಇದಕ್ಕೆ ಕಟ್ಟಡದ ಹೊರಗೆ ಹಾರುವ ಊರೆಗೋಲುಗಳನ್ನ ಇಟ್ಟರು. ಫ್ಲೈಯಿಂಗ್ ಬಟ್ರೆಸ್ ಅಂತ ಪುಸ್ತಕದಲ್ಲಿ ಓದಿರ್ತೀರಿ, ಪ್ಯಾರಿಸ್ಸಿನ ನೋತ್ರ್ ದಾಮ್ ಹಿಂದೆ ಜೇಡನ ಕಾಲಿನ ಹಾಗೆ ಕಾಣುವುದು ಅದೇ. ಸಾಂತಾ ಮರಿಯಾ ಕಟ್ಟಿದವರು ಬೇರೆ ದಾರಿ ಹಿಡಿದರು. ನಡುವಿನ ಹಜಾರದ ಅಕ್ಕಪಕ್ಕದ ಸಾಲುಗಳನ್ನೂ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಏರಿಸಿಬಿಟ್ಟರು. ಆಗ ನಡುವಿನ ಕಮಾನು ಹೊರಕ್ಕೆ ತಳ್ಳುವುದನ್ನ ಪಕ್ಕದ ಕಮಾನೇ ಎದುರಿನಿಂದ ತಳ್ಳಿ ತಡೆಯುತ್ತೆ. ಉಳಿದ ಬಲ ಹೊರಗೋಡೆಯ ದಪ್ಪ ಆನಿಕೆಗಳಿಗೆ ಹೋಗುತ್ತೆ. ಆ ಆನಿಕೆಗಳ ನಡುವಿನ ಸಂದಿಯನ್ನೂ ವ್ಯರ್ಥ ಮಾಡದೆ ಪುಟ್ಟ ಪುಟ್ಟ ಪ್ರಾರ್ಥನಾ ಕೋಣೆ ಮಾಡಿದ್ದಾರೆ. ಹೊರಗಿಂದ ಕಟ್ಟಡ ಬೋಳು ಪೆಟ್ಟಿಗೆ ಥರ ಕಂಡದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಬೆಂಡಿಂಗ್ ಮೊಮೆಂಟ್ ಡಯಾಗ್ರಾಮ್ ಯಾರೂ ಬರೆಯದ ಕಾಲದಲ್ಲಿ ಇದನ್ನ ಮಾಡಿದರು. ನಾವು ಎರಡನೇ ಸೆಮಿಸ್ಟರ್‌ನಲ್ಲಿ ಕಮಾನಿನ ಲೆಕ್ಕ ಬಿಡಿಸಿ ಮಾರ್ಕ್ಸ್ ತಗೊಂಡವರು, ಆದರೆ ನಿಜವಾದ ಕಲ್ಲಿನ ಕಮಾನಿನ ಕೆಳಗೆ ನಿಂತು 'ಈ ಭಾರ ಈಗ ಎಲ್ಲಿಗೆ ಹೋಗ್ತಿದೆ' ಅಂತ ಕಣ್ಣಲ್ಲೇ ಹಿಂಬಾಲಿಸಿದವರು ನಮ್ಮ ಬ್ಯಾಚಿನಲ್ಲಿ ಎಷ್ಟು ಜನ?

1428ರಲ್ಲಿ ಭೂಕಂಪ ಆಗಿ ಮುಂಭಾಗದ ಗುಲಾಬಿ ಕಿಟಕಿ ಒಳಗೆ ಜನರ ಮೇಲೇ ಬಿತ್ತು, ಹಲವರು ಸತ್ತರು. ಈಗಿರೋದು ಅದೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು. 1936ರ ಜುಲೈನಲ್ಲಿ ಸ್ಪೇನಿನ ಅಂತರ್ಯುದ್ಧ ಶುರುವಾದಾಗ ಚರ್ಚಿಗೆ ಬೆಂಕಿ ಇಟ್ಟರು. ಹನ್ನೊಂದು ದಿನ ಉರಿಯಿತಂತೆ. ಶತಮಾನಗಳಿಂದ ಒಳಗೆ ತುಂಬಿಕೊಂಡಿದ್ದ ಬಂಗಾರದ ಬಣ್ಣದ ಬಲಿಪೀಠ, ಮರದ ಕೆತ್ತನೆ ಎಲ್ಲ ಬೂದಿ. ಕಲ್ಲು ಮಾತ್ರ ನಿಂತಿತು. ಇವತ್ತು ನಮಗೆ ಅಷ್ಟು ಇಷ್ಟವಾಗುವ ಆ ಖಾಲಿ ನಿರಾಡಂಬರ ಒಳಾಂಗಣ ಬೆಂಕಿಯಿಂದ ಬಂದದ್ದು ಅನ್ನೋದು ಸ್ವಲ್ಪ ಕಸಿವಿಸಿ ಮಾಡುತ್ತೆ. ಫುಟ್‌ಬಾಲ್ ಗೆಳೆಯರಿಗೆ ಒಂದು ಸಮಾಧಾನ: ಒಂದು ಬಣ್ಣದ ಗಾಜಿನ ಕಿಟಕಿಯಲ್ಲಿ ಬಾರ್ಸಾ ಕ್ಲಬ್ಬಿನ ಲಾಂಛನ ಇದೆ. ರಿಪೇರಿಗೆ ಕ್ಲಬ್ಬು ದುಡ್ಡು ಕೊಟ್ಟಿತ್ತು, ಅದರ ಗುರುತು. ಹುಡುಕಿ, ಸಿಗುತ್ತೆ.

ಎರಡನೆಯದು ಊರಿನ ಕೆಥೆಡ್ರಲ್. ಇಲ್ಲೊಂದು ಮಾತು. ಇಂಟರ್‌ನೆಟ್‌ನಲ್ಲಿ ಅರ್ಧ ಜನ ಸಗ್ರಾದಾ ಫಮಿಲಿಯಾನ ಕೆಥೆಡ್ರಲ್ ಅಂತ ಬರೀತಾರೆ. ಅಲ್ಲ. ಬಿಷಪ್ಪರ ಪೀಠ ಇರೋ ಚರ್ಚಿಗೆ ಮಾತ್ರ ಆ ಹೆಸರು, ಎಷ್ಟು ದೊಡ್ಡದು ಅನ್ನೋದರ ಮೇಲಲ್ಲ. ಬಾರ್ಸಿಲೋನಾದಲ್ಲಿ ಆ ಪೀಠ ಇರೋದು ಹಳೇ ಊರಿನ ಈ ಚರ್ಚಿನಲ್ಲಿ, ಸಂತ ಎವುಲಾಲಿಯಾ ಹೆಸರಿನದ್ದು. 1298ರಲ್ಲಿ ಶುರು. ಎವುಲಾಲಿಯಾ ಹದಿಮೂರನೇ ವಯಸ್ಸಿಗೆ ಹುತಾತ್ಮಳಾದಳು ಅನ್ನೋ ನಂಬಿಕೆಗೆ ಒಳಗಿನ ಅಂಗಳದಲ್ಲಿ ಹದಿಮೂರು ಬಿಳಿ ಹೆಬ್ಬಾತುಗಳನ್ನ ಸಾಕ್ತಾರೆ. ಗಲಾಟೆ ಮಾಡ್ತಾನೇ ಇರ್ತವೆ.

ಎಲ್ಲರೂ ಫೋಟೋ ತೆಗೆಯೋ ಮುಂಭಾಗ ಮಾತ್ರ ಮಧ್ಯಯುಗದ್ದಲ್ಲ. ನೂರಾರು ವರ್ಷ ಅಲ್ಲಿ ಬರೀ ಸಾದಾ ಗೋಡೆ ಇತ್ತು. 1408ರ ಒಂದು ಹಳೇ ನಕ್ಷೆಯನ್ನ ಆಧಾರ ಮಾಡ್ಕೊಂಡು, ಒಬ್ಬ ಬ್ಯಾಂಕರ್ ಕೊಟ್ಟ ದುಡ್ಡಿನಲ್ಲಿ, 19ನೇ ಶತಮಾನದ ಕೊನೆಗೆ ಅದನ್ನ ಕಟ್ಟಿದರು. ಮೇಲಿನ ನಡುಗೋಪುರ ಮುಗಿದದ್ದು 20ನೇ ಶತಮಾನದಲ್ಲಿ. ಪಕ್ಕದ ಓಣಿಯಲ್ಲಿ ಎರಡು ಕಟ್ಟಡದ ನಡುವೆ ಒಂದು ಗಾಥಿಕ್ ಕಲ್ಲಿನ ಸೇತುವೆ ಇದೆ, ಗೈಡುಗಳು ಅಲ್ಲಿ ಗುಂಪು ಗುಂಪಾಗಿ ನಿಲ್ಲಿಸ್ತಾರೆ. ಅದು 1928ರದ್ದು! ನಮ್ಮ ಅಜ್ಜಂದಿರ ವಯಸ್ಸಿನದು. ಇದನ್ನ ಮೋಸ ಅನ್ನಬೇಕಾ? ನಾನು ಅನ್ನಲ್ಲ. ಹಳೇ ನಕ್ಷೆ ಸಿಕ್ಕಿತು, ಐನೂರು ವರ್ಷದ ಮೇಲೆ ಬೇರೆಯವರು ಅದನ್ನ ತಮ್ಮ ಕಾಲದ ಕೈಯಿಂದ ಮುಗಿಸಿದರು. ಬೋರ್ಡಿನಲ್ಲಿ ಇಸವಿ ಸರಿಯಾಗಿ ಬರೆದರೆ ಸಾಕು. ಈ ಮಾತನ್ನ ನೆನಪಿಟ್ಟುಕೊಳ್ಳಿ, ಸಗ್ರಾದಾ ಹತ್ತಿರ ಹೋದಾಗ ಬೇಕಾಗುತ್ತೆ.

ಮೂರನೆಯದು ಕೆಥೆಡ್ರಲ್‌ನಿಂದ ಎರಡು ಹೆಜ್ಜೆ. ಸಾಂತ್ ಫೆಲಿಪ್ ನೇರಿ. ಸಣ್ಣ ಚೌಕ, ನಡುವೆ ಒಂದು ಕಾರಂಜಿ, ಬದಿಗೆ ಚರ್ಚು. ಗೋಡೆಯ ತುಂಬ ಗುಂಡಿಗಳು, ಸಿಡುಬಿನ ಕಲೆಯ ಹಾಗೆ. 1938ರ ಜನವರಿ 30ರಂದು ಫ್ರಾಂಕೋ ಕಡೆಯವರ ಪರವಾಗಿ ಬಂದ ಇಟಲಿಯ ವಿಮಾನಗಳು ಇಲ್ಲಿ ಬಾಂಬ್ ಹಾಕಿದವು. 42 ಜನ ಸತ್ತರು, ಹೆಚ್ಚಿನವರು ಚರ್ಚಿನ ನೆಲಮಾಳಿಗೆಯಲ್ಲಿ ಆಸರೆ ಪಡೆದಿದ್ದ ಮಕ್ಕಳು. ಯುದ್ಧ ಮುಗಿದು ಫ್ರಾಂಕೋ ಆಡಳಿತ ಬಂದ ಮೇಲೆ ಊರಲ್ಲಿ ಬೇರೆ ಕಥೆ ಹಬ್ಬಿಸಿದರು: ಎದುರು ಪಕ್ಷದವರು ಪಾದ್ರಿಗಳನ್ನ ಇಲ್ಲಿ ಗೋಡೆಗೆ ನಿಲ್ಲಿಸಿ ಗುಂಡು ಹೊಡೆದ ಗುರುತು ಇದು ಅಂತ. ಬೇರೆ ಕಡೆ ಪಾದ್ರಿಗಳನ್ನ ಕೊಂದದ್ದು ನಿಜ, ಚರ್ಚುಗಳನ್ನ ಸುಟ್ಟದ್ದೂ ನಿಜ. ಈ ಗೋಡೆಯ ಗುಂಡಿಗಳು ಮಾತ್ರ ಬಾಂಬಿನವು. ಪ್ಲಾಸ್ಟರ್ ಮಾಡಿ ಮುಚ್ಚದೆ ಹಾಗೇ ಬಿಟ್ಟಿದ್ದಾರೆ, ಒಂದು ಫಲಕ ಹಾಕಿದ್ದಾರೆ. ಪಕ್ಕದ ಶಾಲೆಯ ಮಕ್ಕಳು ಅದೇ ಚೌಕದಲ್ಲಿ ಆಟ ಆಡ್ತಾರೆ. ಇಲ್ಲಿ ಸೆಲ್ಫಿ ಬೇಡ ಅಂತ ನಾನು ಹೇಳಬೇಕಾಗಿಲ್ಲ ಅಂದ್ಕೊಳ್ತೀನಿ.

1926ರ ಜೂನ್ 7ರ ಸಂಜೆ ಗೌಡಿ ನಡೆದುಕೊಂಡು ಹೊರಟಿದ್ದು ಈ ಚರ್ಚಿಗೇ, ದಿನದ ಪ್ರಾರ್ಥನೆಗೆ. ದಾರಿಯಲ್ಲಿ ಟ್ರಾಮ್ ಹೊಡೆಯಿತು. ಹಳೇ ಬಟ್ಟೆ ಹಾಕಿದ್ದ ಮುದುಕನನ್ನ ಭಿಕ್ಷುಕ ಅಂದ್ಕೊಂಡರು, ಸಕಾಲಕ್ಕೆ ಗುರುತು ಹಿಡಿಯಲಿಲ್ಲ. ಮೂರು ದಿನದ ಮೇಲೆ ತೀರಿಕೊಂಡರು. ಅವರನ್ನ ಮಣ್ಣು ಮಾಡಿರೋದು ಸಗ್ರಾದಾದ ನೆಲಮಾಳಿಗೆಯಲ್ಲಿ.

ಈಗ ಸಗ್ರಾದಾಕ್ಕೆ ಬನ್ನಿ. 1882ರಲ್ಲಿ ಶುರುವಾದಾಗ ಇದು ಬೇರೊಬ್ಬರ ಮಾಮೂಲಿ ನಕ್ಷೆ. ಮರುವರ್ಷ 31ರ ಗೌಡಿ ವಹಿಸಿಕೊಂಡು ಎಲ್ಲವನ್ನೂ ಬದಲಾಯಿಸಿದರು. 43 ವರ್ಷ ಇದಕ್ಕೇ ತೇದು, ಸಾಯುವ ಹೊತ್ತಿಗೆ ನೋಡಿದ್ದು ಒಂದೇ ಒಂದು ಪೂರ್ತಿಯಾದ ಗೋಪುರ. ಒಟ್ಟು ಲೆಕ್ಕ ಹದಿನೆಂಟು.

ಹಾರುವ ಊರೆಗೋಲುಗಳನ್ನ ಕಂಡರೆ ಅವರಿಗೆ ಆಗ್ತಿರಲಿಲ್ಲ, ಕುಂಟನ ಕೋಲು ಅಂತ ಹೀಯಾಳಿಸ್ತಿದ್ದರು. ಅವರ ದಾರಿ ನಮಗೆ ಲ್ಯಾಬಿನಲ್ಲಿ ಅರ್ಧ ಗಂಟೆಯಲ್ಲಿ ಮಾಡಿ ನೋಡೋ ಅಷ್ಟು ಸರಳ. ಒಂದು ಸರಪಳಿಯ ಎರಡು ತುದಿ ಹಿಡಿದು ನೇತುಬಿಡಿ. ಅದರ ಪ್ರತಿ ಕೊಂಡಿಯಲ್ಲೂ ಬರೀ ಎಳೆತ ಇರುತ್ತೆ. ಆ ಆಕಾರವನ್ನ ತಲೆಕೆಳಗು ಮಾಡಿದರೆ ಬರೀ ಒತ್ತಡ. ಕಲ್ಲಿಗೆ ಒತ್ತಡ ತಡೆಯೋ ತಾಕತ್ತು ಇದೆ, ಎಳೆತ ತಡೆಯೋಕೆ ಆಗಲ್ಲ. ಹಾಗಾಗಿ ಸರಪಳಿಯ ಆಕಾರವೇ ಕಲ್ಲಿನ ಕಮಾನಿಗೆ ಸರಿಯಾದ ಆಕಾರ. ಹುಕ್‌ನ ನಿಯಮ ಓದಿದ್ದೀರಲ್ಲ, ಅದೇ ರಾಬರ್ಟ್ ಹುಕ್ 17ನೇ ಶತಮಾನದಲ್ಲೇ ಇದನ್ನ ಹೇಳಿದ್ದರು. ಗೌಡಿ ಊರಾಚೆಯ ಕೊಲೋನಿಯಾ ಗ್ವೆಲ್ ಚರ್ಚಿಗಾಗಿ ದಾರಗಳನ್ನ ನೇತುಹಾಕಿ, ಅದಕ್ಕೆ ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನ ಕಟ್ಟಿ, ಅದರ ಫೋಟೋ ತೆಗೆಸಿ ತಲೆಕೆಳಗು ಹಿಡಿದು ಅದರ ಮೇಲೆ ಚಿತ್ರ ಬರೆದರು. ಒಂದು ಚೀಲದ ಭಾರ ಬದಲಾಯಿಸಿದರೆ ಇಡೀ ಬಲೆ ತಾನಾಗಿ ಹೊಸ ಆಕಾರಕ್ಕೆ ಬರುತ್ತೆ. ನಾವು ಈಗ ಸಾಫ್ಟ್‌ವೇರ್‌ನಲ್ಲಿ ಸ್ಲೈಡರ್ ಎಳೆದು ಮಾಡೋದು ಇದನ್ನೇ. ಅಲ್ಲಿ ಕಲಿತದ್ದು ಸಗ್ರಾದಾದ ಕಂಬಗಳಿಗೆ ಬಂತು. ಒಳಗಿನ ಕಂಬಗಳು ಮರದ ಹಾಗೆ ಓರೆಯಾಗಿ ನಿಂತು ಮೇಲೆ ಕೊಂಬೆ ಒಡೆಯೋದು ಚೆಂದಕ್ಕಲ್ಲ, ಭಾರ ಇಳಿಯುವ ದಾರಿಯೇ ಹಾಗಿದೆ. ಹೆಚ್ಚು ಭಾರ ಹೊರುವ ಕಂಬಕ್ಕೆ ಗಟ್ಟಿ ಕೆಂಪು ಪಾರ್ಫಿರಿ ಕಲ್ಲು, ಅದಕ್ಕಿಂತ ಕಡಿಮೆಯದಕ್ಕೆ ಬಸಾಲ್ಟ್, ಆಮೇಲೆ ಗ್ರಾನೈಟ್, ಕೊನೆಗೆ ಮರಳುಗಲ್ಲು. ಬಣ್ಣ ನೋಡಿ ಲೋಡ್ ಹೇಳಬಹುದು. ಸಾಂತಾ ಮರಿಯಾದಲ್ಲಿ ಪಕ್ಕದ ಕಮಾನು ತಡೆದ ಬಲವನ್ನ ಇಲ್ಲಿ ಕಂಬವೇ ವಾಲಿ ತಡೆಯುತ್ತೆ. ಆ ಮೊದಲನೇದನ್ನ ನೋಡಿ ಬಂದವರಿಗೆ ಮಾತ್ರ ಇದು ತಟ್ಟನೆ ಹೊಳೆಯುತ್ತೆ, ಅದಕ್ಕೇ ನನ್ನ ಈ ಕ್ರಮ.

ಜಗಳಕ್ಕೆ ಬರ್ತೀನಿ. 1936ರಲ್ಲಿ ಗೌಡಿಯ ಕಾರ್ಯಾಗಾರಕ್ಕೂ ದಾಳಿ ಆಯ್ತು. ನಕ್ಷೆಗಳು ಸುಟ್ಟವು, ಪ್ಲಾಸ್ಟರ್ ಮಾದರಿಗಳು ಚೂರುಚೂರು. ಹಾಗಾದ್ರೆ ಈಗ ಕಟ್ಟುತ್ತಿರೋದು ಗೌಡಿಯದ್ದೇನಾ? 1965ರಲ್ಲಿ ಲ ಕಾರ್ಬ್ಯೂಸಿಯರ್ ಸೇರಿದಂತೆ ದೊಡ್ಡ ದೊಡ್ಡವರು ಪತ್ರಿಕೆಗೆ ಬಹಿರಂಗ ಪತ್ರ ಬರೆದು ಕೆಲಸ ನಿಲ್ಲಿಸಿ ಅಂದರು. ನಿಲ್ಲಿಸಲಿಲ್ಲ. ಚೂರುಗಳನ್ನ ಜೋಡಿಸಿ, ಗೌಡಿ ಕೊನೆಯ ವರ್ಷಗಳಲ್ಲಿ ಬಳಸಿದ್ದು ಹೈಪರ್ಬೊಲಾಯ್ಡ್, ಹೈಪರ್ಬೋಲಿಕ್ ಪ್ಯಾರಬೊಲಾಯ್ಡ್ ಥರದ, ನೇರ ಗೆರೆಗಳಿಂದಲೇ ಆಗುವ ವಕ್ರ ಮೇಲ್ಮೈಗಳು ಅಂತ ಕಂಡುಕೊಂಡರು. ಸಮೀಕರಣ ಗೊತ್ತಾದರೆ ಚೂರಿನಿಂದ ಇಡೀ ಆಕಾರ ಹುಟ್ಟಿಸಬಹುದು. ನ್ಯೂಜಿಲೆಂಡಿನ ಆರ್ಕಿಟೆಕ್ಟ್ ಮಾರ್ಕ್ ಬರ್ರಿ ಮತ್ತು ಜೊತೆಯವರು ಇದಕ್ಕೆ ವಿಮಾನ ವಿನ್ಯಾಸದ ಕಟಿಯಾ ಸಾಫ್ಟ್‌ವೇರ್ ತಂದರು. ಎಂಜಿನಿಯರಿಂಗ್ ಗಣಿತ ಯಾಕೆ ಓದಬೇಕು ಅಂತ ಕೇಳೋ ಜೂನಿಯರ್‌ಗಳಿಗೆ ಇದಕ್ಕಿಂತ ಒಳ್ಳೇ ಉತ್ತರ ನನ್ನ ಹತ್ತಿರ ಇಲ್ಲ. ಪಶ್ಚಿಮದ ಮುಂಭಾಗದಲ್ಲಿ ಶಿಲ್ಪಿ ಸುಬಿರಾಕ್ಸ್ ಗೌಡಿಯ ಶೈಲಿಯನ್ನ ಅನುಕರಿಸದೆ ತಮ್ಮದೇ ಚೂಪು ಚೂಪು ಆಕೃತಿಗಳನ್ನ ಇಟ್ಟರು. ಅಲ್ಲೊಂದು ಮಾಯಾಚೌಕವೂ ಇದೆ, ಯಾವ ಸಾಲು ಕೂಡಿದರೂ 33, ಯೇಸು ತೀರಿಕೊಂಡ ವಯಸ್ಸು. ಸರಿಯಾದ ನಾಲ್ಕು-ನಾಲ್ಕರ ಚೌಕಕ್ಕೆ 34 ಬರಬೇಕು. ಅದಕ್ಕೇ 10 ಮತ್ತು 14ನ್ನ ಎರಡೆರಡು ಸಲ ಹಾಕಿ, 12 ಮತ್ತು 16ನ್ನ ಬಿಟ್ಟಿದ್ದಾರೆ. ಜುಗಾಡ್ ಅಂದರೆ ಇದೇ.

ಮುಂದುವರಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ತನ್ನ ಜೀವಮಾನದಲ್ಲಿ ಮುಗಿಯಲ್ಲ ಅಂತ ಗೌಡಿಗೆ ಚೆನ್ನಾಗಿ ಗೊತ್ತಿತ್ತು. ಕೆಥೆಡ್ರಲ್ ಮುಂಭಾಗವನ್ನ ಒಪ್ಪಿಕೊಂಡವರು ಇದನ್ನ ತಪ್ಪು ಅನ್ನೋಕಾಗಲ್ಲ. ನಡುವಿನ ಯೇಸುವಿನ ಗೋಪುರದ ಎತ್ತರ 172.5 ಮೀಟರ್. ಮೋಂಜುಯಿಕ್ ಗುಡ್ಡಕ್ಕಿಂತ ತುಸು ಕಡಿಮೆ ಇರಲಿ, ದೇವರ ಕೆಲಸವನ್ನ ಮನುಷ್ಯ ಮೀರಬಾರದು ಅನ್ನೋದು ಗೌಡಿಯ ಲೆಕ್ಕ. ಆ ಎತ್ತರಕ್ಕೆ ಭಾರ ತಗ್ಗಿಸಬೇಕಿತ್ತು, ಆದ್ದರಿಂದ ಕಲ್ಲಿನ ಫಲಕಗಳೊಳಗೆ ಉಕ್ಕಿನ ಸರಳು ತೂರಿಸಿ ಬಿಗಿದು, ಬೇರೆ ಕಡೆ ತಯಾರಿಸಿ ತಂದು ಕ್ರೇನಿನಲ್ಲಿ ಜೋಡಿಸಿದರು. ಪ್ರೀಸ್ಟ್ರೆಸ್ಡ್ ಕಲ್ಲು! ಗೌಡಿಗೆ ಇದು ಗೊತ್ತಿರಲಿಲ್ಲ, ಗೊತ್ತಿದ್ದಿದ್ದರೆ ಬಳಸ್ತಿದ್ದರು ಅಂತ ನನ್ನ ಊಹೆ.

ಆದರೆ ಮೆಟ್ಟಿಲಿನ ವಿಷಯದಲ್ಲಿ ನಾನು ಚರ್ಚಿನವರ ಕಡೆ ಇಲ್ಲ. ಮುಖ್ಯ ದ್ವಾರ ಬರೋದು ಮಲ್ಲೋರ್ಕಾ ಬೀದಿಯ ಕಡೆಗೆ. ಅಲ್ಲಿ ಚರ್ಚಿನ ನೆಲ ರಸ್ತೆಗಿಂತ ಎತ್ತರದಲ್ಲಿದೆ. ರಸ್ತೆಯನ್ನ ದಾಟಿ ಹೋಗುವ ಭಾರೀ ಮೆಟ್ಟಿಲು, ಎದುರಿಗೆ ದೊಡ್ಡ ಬಯಲು ಆಗಬೇಕು ಅನ್ನೋದು ಯೋಜನೆ. ಎದುರಿಗಿರೋದು ಜನ ವಾಸ ಇರೋ ಅಪಾರ್ಟ್‌ಮೆಂಟುಗಳು. ನೂರಾರು ಕುಟುಂಬ ಮನೆ ಬಿಡಬೇಕಾಗುತ್ತೆ. ಗೌಡಿ ಕೆಲಸ ಶುರು ಮಾಡಿದಾಗ ಸುತ್ತ ಹೊಲ, ಮೇಕೆ ಮೇಯೋ ಬಯಲು, ಆಗ ಮೆಟ್ಟಿಲು ಎಷ್ಟು ದೂರ ಬೇಕಾದ್ರೂ ಚಾಚಬಹುದಿತ್ತು. ಗೌಡಿಯ ಮೂಲ ಯೋಜನೆಯಲ್ಲೇ ಇದೆ ಅಂತ ಒಂದು ಕಡೆಯವರು, ಅದಕ್ಕೆ ಗಟ್ಟಿ ಆಧಾರ ಇಲ್ಲ ಅಂತ ನಿವಾಸಿಗಳು. ಇರಲಿ, ಇದೆ ಅಂತಲೇ ಇಟ್ಟುಕೊಳ್ಳೋಣ. ನಕ್ಷೆ ಸುಟ್ಟಾಗ ಸಮೀಕರಣದಿಂದ ದಾರಿ ಹುಡುಕಿದವರು, ಕಲ್ಲಿನೊಳಗೆ ಉಕ್ಕು ತೂರಿಸಿದವರು, ಒಂದು ಪ್ರವೇಶಕ್ಕೆ ಮಾತ್ರ 'ಮೂಲದಲ್ಲಿ ಹೀಗೇ ಇದೆ' ಅಂತ ಹಟ ಹಿಡಿದರೆ ಹೇಗೆ? ಅದೇ ಬೀದಿಯ ಕೆಳಗೆ ಹೈಸ್ಪೀಡ್ ರೈಲಿನ ಸುರಂಗ ಕೊರೆದಾಗ ಚರ್ಚಿನ ಅಡಿಪಾಯಕ್ಕೆ ಏನೂ ಆಗಬಾರದು ಅಂತ ನಡುವೆ ಆಳವಾದ ಪೈಲ್‌ಗಳ ಗೋಡೆಯನ್ನೇ ಕಟ್ಟಿದರು. 2010ರಲ್ಲಿ ಸುರಂಗ ದಾಟಿತು, ಚರ್ಚ್ ಅಲುಗಲಿಲ್ಲ. ಚರ್ಚಿಗಾಗಿ ಊರು ಅಷ್ಟು ಮಾಡಿದೆ. ಅಂದಹಾಗೆ ಈ ಚರ್ಚಿಗೆ ಕಟ್ಟಡ ಪರವಾನಗಿ ಸಿಕ್ಕಿದ್ದೇ 2019ರಲ್ಲಿ. 1885ರಲ್ಲಿ ಹಾಕಿದ ಅರ್ಜಿಗೆ ಉತ್ತರವೇ ಬಂದಿರಲಿಲ್ಲವಂತೆ. ಅದಕ್ಕೂ ಮುಂಚೆ, 2018ರಲ್ಲಿ, ಹತ್ತು ವರ್ಷದಲ್ಲಿ ಪಾಲಿಕೆಗೆ 3.6 ಕೋಟಿ ಯೂರೋ ಕೊಡೋದಾಗಿ ಒಪ್ಪಿಕೊಂಡರು.

ವರ್ಷಕ್ಕೆ 45 ಲಕ್ಷಕ್ಕೂ ಹೆಚ್ಚು ಜನ ಟಿಕೆಟ್ ತಗೊಂಡು ಒಳಗೆ ಹೋಗ್ತಾರೆ, ಕಟ್ಟೋ ಕೆಲಸ ನಡೆಯೋದೇ ಆ ದುಡ್ಡಿನಲ್ಲಿ. ಅಂದರೆ ಹೋದ ನಮ್ಮ ಸೀನಿಯರ್‌ಗಳೂ ಆ ಮೆಟ್ಟಿಲಿಗೆ ಒಂದೊಂದು ಕಲ್ಲು ಕೊಟ್ಟವರೇ ಆಗ್ತಾರೆ. ಟಿಕೆಟ್ ತಗೋಬೇಡಿ ಅಂತ ಹೇಳ್ತಿಲ್ಲ. ಒಳಗೆ ಹೋಗಿ, ಭುಜ ಮುಚ್ಚೋ ಬಟ್ಟೆ ಹಾಕಿ, ಸಂಜೆ ಬಿಸಿಲು ಪಶ್ಚಿಮದ ಕೆಂಪು-ಕಿತ್ತಳೆ ಗಾಜಿನಿಂದ ಬರುವ ಹೊತ್ತಿಗೆ ಹೋಗಿ, ಪ್ರಾರ್ಥನೆ ಮಾಡ್ತಿರೋರ ಮುಂದೆ ಫೋನ್ ಹಿಡಿದು ಓಡಾಡಬೇಡಿ. ಮುಖ್ಯ ದ್ವಾರದ ಕಂಚಿನ ಬಾಗಿಲುಗಳ ಮೇಲೆ 'ನಮ್ಮ ಅನುದಿನದ ಆಹಾರವನ್ನು ನಮಗೆ ಕೊಡು' ಅನ್ನೋ ಪ್ರಾರ್ಥನೆ ಐವತ್ತು ಭಾಷೆಗಳಲ್ಲಿದೆ, ಅದನ್ನ ಒಳಗಿಂದ ನೋಡಬಹುದು. ಆಮೇಲೆ ಹೊರಗೆ ಬಂದು ಮಲ್ಲೋರ್ಕಾ ಬೀದಿ ದಾಟಿ. ಆ ಬಾಗಿಲುಗಳು ತೆರೆದುಕೊಳ್ಳುವ ಕಡೆ ಮುಖ ಮಾಡಿ ಬಾಲ್ಕನಿಗಳಿವೆ, ಬಟ್ಟೆ ಒಣಗಿ ಹಾಕಿರ್ತಾರೆ, ಯಾರೋ ಗಿಡಕ್ಕೆ ನೀರು ಹಾಕ್ತಿರ್ತಾರೆ. ಫೋಟೋ ತೆಗೆಯೋದಾದ್ರೆ ಅದನ್ನೂ ಒಂದು ತೆಗೀರಿ, ಕೆಲವು ವರ್ಷಗಳಲ್ಲಿ ಇರುತ್ತೋ ಇಲ್ಲವೋ.